ರೆಕಾರ್ಡ್ ಪುಸ್ತಕದಲ್ಲಿ ಹಿಡಿಯದ ವೆಬ್ ಪುಟ

ನನ್ನ ಕಚೇರಿ ಇರುವುದು ಮಂಗಳೂರಿನ ಹಂಪನಕಟ್ಟೆಯಲ್ಲಿ. ವಾರಕ್ಕೆರಡು ದಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಉಡುಪಿ ಕಡೆಯ ಒಂದು ಡಿಗ್ರಿ ಕಾಲೇಜಿಗೆ ಪಾಠಕ್ಕೆ ಹೋಗುತ್ತೇನೆ. ವಿಷಯ ರೆಸ್ಪಾನ್ಸಿವ್ ವೆಬ್ ಡಿಸೈನ್. ಮೊದಲ ಲ್ಯಾಬಿನ ದಿನವೇ ಒಬ್ಬಳು ರೆಕಾರ್ಡ್ ಪುಸ್ತಕ ಹಿಡಿದುಕೊಂಡು ಸಹಿಗೆ ಬಂದಳು. ಒಂದು ಕಡೆ ನೀಟಾಗಿ ಬರೆದ ಕೋಡ್, ಎದುರಿನ ಪುಟದಲ್ಲಿ ಅಂಟಿಸಿದ ಔಟ್‌ಪುಟ್ ಪ್ರಿಂಟ್. ಲ್ಯಾಬಿನ ದೊಡ್ಡ ಮಾನಿಟರಿನಲ್ಲಿ ತೆಗೆದ ಸ್ಕ್ರೀನ್‌ಶಾಟ್.

"ಇದು ಫೋನಲ್ಲಿ ಹೇಗೆ ಕಾಣ್ತದೆ?" ಅಂತ ಕೇಳಿದೆ.

"ಫೋನಲ್ಲಿ ನೋಡ್ಲಿಲ್ಲ ಸರ್. ರೆಕಾರ್ಡಿಗೆ ಇಷ್ಟು ಸಾಕಲ್ವಾ?"

ಅವಳ ತಪ್ಪಲ್ಲ. ರೆಕಾರ್ಡಿಗೆ ಅಷ್ಟೇ ಸಾಕು. ಕಾಗದದ ಅಗಲ ಬದಲಾಗುವುದಿಲ್ಲ. ನಾವು ಕಲಿಸಲು ಹೊರಟದ್ದು ಮಾತ್ರ ಅಗಲ ಬದಲಾದಾಗ ಪುಟ ಏನು ಮಾಡಬೇಕು ಎಂಬುದನ್ನೇ.

ರೆಸ್ಪಾನ್ಸಿವ್ ವೆಬ್ ಡಿಸೈನ್ ಅನ್ನುವ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಡಿಸೈನರ್ ಈಥನ್ ಮಾರ್ಕಾಟ್, 2010ರ ಮೇ ತಿಂಗಳ ಒಂದು ಲೇಖನದಲ್ಲಿ. ಅವರು ಹೇಳಿದ್ದು ಮೂರು ಸಂಗತಿ. ಅಗಲವನ್ನು ಪಿಕ್ಸೆಲ್ ಲೆಕ್ಕದಲ್ಲಿ ಕಟ್ಟಿಹಾಕದೆ ಶೇಕಡಾ ಲೆಕ್ಕದಲ್ಲಿ ಕೊಡುವುದು, ಚಿತ್ರ ತನಗೆ ಸಿಕ್ಕ ಜಾಗದಿಂದ ಆಚೆ ಚಾಚದಂತೆ ನೋಡಿಕೊಳ್ಳುವುದು, ಮತ್ತೆ ಮೀಡಿಯಾ ಕ್ವೆರಿ. ಅಂದರೆ 'ಪರದೆ ಇಷ್ಟು ಅಗಲ ಇದ್ದರೆ ಈ ನಿಯಮ ಹಚ್ಚು' ಅಂತ ಬ್ರೌಸರಿಗೆ ಹೇಳುವುದು. ವೈವಾದಲ್ಲಿ ಎಲ್ಲರೂ ಇದನ್ನು ಗಿಣಿಪಾಠದ ಹಾಗೆ ಒಪ್ಪಿಸುತ್ತಾರೆ.

ಆದರೆ ಇದಕ್ಕೂ ಮುಂಚೆ ಕೋಡಿನಲ್ಲಿ ಒಂದು ಸಾಲು ಉಂಟು. ಅದು ಬಿಟ್ಟುಹೋದರೆ ಉಳಿದದ್ದೆಲ್ಲ ದಂಡ. ನಾನೇ ಬಿಟ್ಟಿದ್ದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಮಲ್ಪೆಯ ಒಂದು ಹೋಂಸ್ಟೇಗೆ ಸೈಟ್ ಮಾಡಿಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಕಿಟಕಿ ಕಿರಿದು ಮಾಡಿ ನೋಡಿದರೆ ಎಲ್ಲ ಚೆಂದ. ಮರುದಿನ ಮಾಲೀಕರ ಫೋನ್ ಬಂತು: "ಎಂತ ಮಾರ್ರೆ, ನಿಮ್ಮ ಸೈಟ್ ಓದ್ಲಿಕ್ಕೆ ಭೂತಗನ್ನಡಿ ಬೇಕು!"

ಬಿಟ್ಟುಹೋದದ್ದು ವ್ಯೂಪೋರ್ಟ್ ಸಾಲು. 2007ರಲ್ಲಿ ಐಫೋನ್ ಬಂದಾಗ ಸೈಟ್‌ಗಳೆಲ್ಲ ಕಂಪ್ಯೂಟರಿಗೆಂದೇ ಮಾಡಿದವು. ಹಾಗಾಗಿ ಫೋನಿನ ಬ್ರೌಸರ್ ಒಂದು ಉಪಾಯ ಮಾಡಿತು. ತಾನು 980 ಪಿಕ್ಸೆಲ್ ಅಗಲ ಇದ್ದೇನೆ ಅಂತ ನಟಿಸಿ, ಇಡೀ ಪುಟ ಬರೆದು, ಆಮೇಲೆ ಅದನ್ನು ಪರದೆಗೆ ಹಿಡಿಸುವಷ್ಟು ಕುಗ್ಗಿಸಿತು. ಈ ನಟನೆ ಇವತ್ತಿಗೂ ನಿಂತಿಲ್ಲ. ಸಾಮಾನ್ಯ ಆಂಡ್ರಾಯ್ಡ್ ಫೋನ್ ಬ್ರೌಸರಿನ ಲೆಕ್ಕದಲ್ಲಿ ಸುಮಾರು 360 ಪಿಕ್ಸೆಲ್ ಅಗಲ. 980 ಅನ್ನು 360ಕ್ಕೆ ಇಳಿಸಿದರೆ 16 ಪಿಕ್ಸೆಲ್‌ನ ಅಕ್ಷರ 6ಕ್ಕೆ ಬಂದು ನಿಲ್ಲುತ್ತದೆ. 'ನಟನೆ ಬೇಡ, ನಿನ್ನ ನಿಜವಾದ ಅಗಲವನ್ನೇ ತಗೊ' ಅಂತ ಹೇಳುವುದು ಆ ಒಂದು ಸಾಲು. ಮೀಡಿಯಾ ಕ್ವೆರಿ ಎಷ್ಟೇ ಬರೆದಿದ್ದರೂ, ಫೋನ್ ತಾನು 980 ಅಂತ ಹೇಳುತ್ತಿದ್ದರೆ ಅವು ಕೆಲಸಕ್ಕೇ ಬರುವುದಿಲ್ಲ. ಲ್ಯಾಪ್‌ಟಾಪ್ ಬ್ರೌಸರಿಗೆ ಈ ನಟನೆ ಇಲ್ಲ. ಅಲ್ಲಿ ಕಿಟಕಿ ಎಳೆದು ನೋಡಿ ತೃಪ್ತಿಪಟ್ಟವನಿಗೆ ಈ ತಪ್ಪು ಕಾಣುವುದೇ ಇಲ್ಲ.

ಅದಕ್ಕೇ ಈಗ ನನ್ನ ಮೊದಲ ಅಸೈನ್‌ಮೆಂಟ್‌ನಲ್ಲಿ ಲ್ಯಾಪ್‌ಟಾಪ್ ಇಲ್ಲ. ಕಾಗದ, ಪೆನ್ಸಿಲು ಮಾತ್ರ. ಯಕ್ಷಗಾನ ಮೇಳವೊಂದರ ತಿರುಗಾಟದ ಪಟ್ಟಿ ಕೊಡುತ್ತೇನೆ. ಮಳೆಗಾಲ ಕಳೆದು ಹೊರಟ ಮೇಳ ಮೇ ಕೊನೆಯಲ್ಲಿ ತಿರುಗಾಟ ಮುಗಿಸುವ ದಿನವಾದ ಪತ್ತನಾಜೆಯವರೆಗೆ ದಿನಕ್ಕೊಂದು ಊರಲ್ಲಿ ಆಟ ಆಡುತ್ತದೆ. ತಾರೀಕು, ವಾರ, ಊರು, ಪ್ರಸಂಗ, ಆಟ ಆಡಿಸುವವರ ಹೆಸರು: ಐದು ಕಾಲಂ. ಗೋಡೆಗೆ ಅಂಟಿಸಲು ಒಳ್ಳೆಯ ಕೋಷ್ಟಕ. ಫೋನಿಗೆ ತಂದರೆ ಊರಿನ ಹೆಸರೇ ಪರದೆಯ ಆಚೆ.

ಮಕ್ಕಳು ಏನೇನೋ ಮಾಡುತ್ತಾರೆ. ಒಬ್ಬ ಅಕ್ಷರ ಇರುವೆಯಷ್ಟು ಸಣ್ಣ ಮಾಡಿದ. ಇನ್ನೊಬ್ಬ ಇಡೀ ಕೋಷ್ಟಕವನ್ನು ಅಡ್ಡಕ್ಕೆ ಜಾರುವ ಹಾಗೆ ಬಿಟ್ಟ. ಅದು ತೀರಾ ತಪ್ಪೇನಲ್ಲ; ಮಾರ್ಕ್ಸ್ ಕಾರ್ಡಿನಂಥ ಪಟ್ಟಿಗೆ ನಾನೂ ಹಾಗೇ ಮಾಡುತ್ತೇನೆ. ಆದರೆ ಇಲ್ಲಿ ನಾನು ಕೇಳುವುದು ಬೇರೆ. "ಸಂಜೆ ಏಳಕ್ಕೆ ಕುಂದಾಪುರದ ಬಸ್ಸಲ್ಲಿ ನೇತಾಡಿಕೊಂಡು ಒಂದೇ ಕೈಯಲ್ಲಿ ಫೋನ್ ಹಿಡಿದವನಿಗೆ ಬೇಕಾದ್ದೆಂತ?" ಹಿಂದಿನ ಬೆಂಚಿಂದ ಉತ್ತರ ಬಂತು: "ಇವತ್ತು ಆಟ ಎಲ್ಲಿ ಅಂತ, ಸರ್." ಅಷ್ಟೇ. ಇವತ್ತಿನ ಆಟ ಎಲ್ಲಕ್ಕಿಂತ ಮೇಲೆ, ಊರು ದಪ್ಪ ಅಕ್ಷರದಲ್ಲಿ, ಪ್ರಸಂಗ ಅದರ ಕೆಳಗೆ, ಆಟ ಆಡಿಸುವವರ ಹೆಸರು ಕೊನೆಗೆ. ಒಂದು ರಾತ್ರಿಗೆ ಒಂದು ಚೀಟಿ. ಅಗಲ ಸಿಕ್ಕಿದಾಗ ಅದೇ ಚೀಟಿಗಳು ಪಕ್ಕಪಕ್ಕದಲ್ಲಿ ಎರಡೆರಡು, ಮೂರುಮೂರಾಗಿ ಕೂರಲಿ. ಪುಸ್ತಕದಲ್ಲಿ ಇದಕ್ಕೆ ಮೊಬೈಲ್ ಫಸ್ಟ್ ಅನ್ನುತ್ತಾರೆ.

ಇದಾದ ಮೇಲೆ ಪುಟದ ತುಣುಕುಗಳನ್ನು ಜೋಡಿಸುವ ವಿಧಾನಗಳಾದ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಹೇಳಿಕೊಟ್ಟರೆ ತಲೆಗೆ ಬೇಗ ಹೋಗುತ್ತದೆ. ಗ್ರಿಡ್ 2017ರಿಂದಲೇ ಮುಖ್ಯ ಬ್ರೌಸರುಗಳಲ್ಲಿದೆ. ಹಾಗಿದ್ದೂ ಮೊದಲ ದಿನವೇ, ಪುಟವನ್ನು ಹನ್ನೆರಡು ಕಾಲಂ ಆಗಿ ಹಂಚುವ ಸಿದ್ಧ ಕೋಡಿನ ಕಟ್ಟಾದ ಬೂಟ್‌ಸ್ಟ್ರ್ಯಾಪ್ ಕಲಿಸುವುದು ನನಗೆ ಸರಿಕಾಣುವುದಿಲ್ಲ. ಹನ್ನೆರಡು ಕಾಲಂ ಬಾಯಿಪಾಠ ಆಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ನಮ್ಮೂರಿನ ತಾಪತ್ರಯ. ವಿದ್ಯಾರ್ಥಿಗಳು ಜಾಗ ತುಂಬಿಸಲು 'ಲೋರೆಮ್ ಇಪ್ಸಮ್' ಹಾಕುತ್ತಾರೆ. ಲ್ಯಾಟಿನ್ ಥರದ ಪುಟ್ಟ ಪುಟ್ಟ ಪದಗಳು, ಎಲ್ಲಿ ಬೇಕಾದರೂ ಸಾಲು ಮುರಿಯುತ್ತದೆ. ಅದನ್ನು ತೆಗೆದು ಕನ್ನಡ ಹಾಕಿ ನೋಡಿ. ಇಂಗ್ಲಿಷಿನ 'ಜಾಯಿನ್' ಅನ್ನುವ ಬಟನ್ ಮೇಲೆ 'ನೋಂದಾಯಿಸಿಕೊಳ್ಳಿ' ಬರಬೇಕು. ಬಟನ್ ಅಗಲ ಪಿಕ್ಸೆಲ್‌ನಲ್ಲಿ ಕಟ್ಟಿದ್ದರೆ ಪದದ ಬಾಲ ಹೊರಗೆ. ಎತ್ತರ ಕಟ್ಟಿದ್ದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. 'ರಾಷ್ಟ್ರ' ಅಂತ ಬರೆದು ನೋಡಿದರೆ ಗೊತ್ತಾಗುತ್ತದೆ, ಒಂದರ ಕೆಳಗೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಸಾಲಿನ ಎತ್ತರ ಅಕ್ಷರದ ಅಳತೆಯ 1.5 ಪಟ್ಟು ಸಾಕಾಗುವ ಕಡೆ ನಾನು ಕನ್ನಡಕ್ಕೆ 1.7 ಇಡುತ್ತೇನೆ. ಬಟನ್‌ಗೆ ಅಗಲ, ಎತ್ತರ ಎರಡೂ ಕೊಡುವುದಿಲ್ಲ. ಒಳಗೆ ಸುತ್ತ ಒಂದಿಷ್ಟು ಜಾಗ ಬಿಟ್ಟು, ಪದವೇ ತನ್ನ ಅಳತೆ ತಾನು ಮಾಡಿಕೊಳ್ಳಲಿ ಅಂತ ಬಿಡುತ್ತೇನೆ.

ಫೋಟೋ ವಿಷಯ ಜಾಸ್ತಿ ಹೇಳುವುದಿಲ್ಲ. ಫೋನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಚಿತ್ರವನ್ನು ಹಾಗೇ ಏರಿಸಿ, ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಕುಗ್ಗಿಸಿದರೆ ಕಣ್ಣಿಗೆ ಸಣ್ಣದಾಯಿತೇ ಹೊರತು ಡೇಟಾ ಅಷ್ಟೇ ಖರ್ಚು. 360ರ ಫೋನಿಗೆ, ಬ್ರೌಸರಿನ ಒಂದು ಪಿಕ್ಸೆಲ್ ಅಗಲಕ್ಕೆ ಪರದೆಯಲ್ಲಿ ಮೂರು ಚುಕ್ಕಿ ಇದ್ದರೂ, 1080 ಅಗಲದ ಚಿತ್ರ ಸಾಕು. ಜುಲೈ ಮಳೆಗೆ ಕರೆಂಟ್ ಹೋಗಿ, ಟವರ್ ಒಂದು ಕಡ್ಡಿಗೆ ಇಳಿದಾಗ ಈ ಲೆಕ್ಕ ತಾನಾಗಿ ಅರ್ಥ ಆಗುತ್ತದೆ.

ರೆಕಾರ್ಡ್ ಪದ್ಧತಿ ಬದಲಿಸುವುದು ನನ್ನ ಕೈಲಿಲ್ಲ. ಅದಕ್ಕೆ ಪ್ರತಿ ಪ್ರೋಗ್ರಾಮಿಗೆ ಮೂರು ಪ್ರಿಂಟ್ ಅಂಟಿಸಿ ಅಂದೆ: ಫೋನಿಗೆ 360, ಟ್ಯಾಬ್ಲೆಟಿಗೆ 768, ಲ್ಯಾಪ್‌ಟಾಪಿಗೆ 1366 ಪಿಕ್ಸೆಲ್ ಅಗಲದ್ದು. ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಪರೀಕ್ಷಕರಾಗಿ ಬಂದ ಎಕ್ಸ್‌ಟರ್ನಲ್ ಮೊದಲ ದಿನ ಸಹಿಗೆ ಬಂದ ಆ ಹುಡುಗಿಯನ್ನು ಕೇಳಿದರಂತೆ, "ಒಂದೇ ಪ್ರೋಗ್ರಾಮಿಗೆ ಮೂರು ಔಟ್‌ಪುಟ್ ಯಾಕಮ್ಮ?" ಪರೀಕ್ಷೆಗೆ ಫೋನ್ ಒಯ್ಯುವ ಹಾಗಿಲ್ಲವಲ್ಲ. ಅವಳು ಬ್ರೌಸರಿನ ಮೊಬೈಲ್ ಮೋಡ್ ತೆರೆದು ಚೀಟಿಗಳು ಒಂದೊಂದಾಗಿ ಕೆಳಗಿಳಿಯುವುದನ್ನು ತೋರಿಸಿದಳಂತೆ. ಅವರು ಸುಮ್ನೆ ನೋಡಿ, ಜೇಬಿನಿಂದ ತಮ್ಮ ಫೋನ್ ತೆಗೆದು, ತಮ್ಮ ಕಾಲೇಜಿನ ಸೈಟ್ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದತೊಡಗಿದರಂತೆ.