ಮೇಲಿನ ಮನೆಯ ರೊಟ್ಟಿ, ಕೆಳಗಿನ ಮನೆಯ ನಿದ್ದೆ

ಮನೆಯೊಳಗೆ ಸದ್ದು ಬರದಂತೆ ಮಾಡಿಕೊಡುವುದು ನನ್ನ ಕೆಲಸ. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಅಪಾರ್ಟ್‌ಮೆಂಟಿನಿಂದ ಫೋನ್ ಬಂತು. "ಬೆಡ್‌ರೂಮಿನ ಗೋಡೆಗೆ ಫೋಮ್ ಹಚ್ಚಬೇಕ್ರಿ, ಎಷ್ಟಾಗ್ತದ ಹೇಳ್ರಿ." ದಿನಾ ಬೆಳಗ್ಗೆ ಐದೂವರೆಗೆ ಮೇಲಿನ ಮನೆಯಲ್ಲಿ ಧಪ್ ಧಪ್ ಅಂತ ಶುರುವಾಗುತ್ತದಂತೆ. ಹೋಗಿ ನೋಡಿದರೆ, ರೊಟ್ಟಿ! ಮೇಲಿನ ಮನೆಯ ಅಡುಗೆ ಕಟ್ಟೆಯ ಕಲ್ಲನ್ನು ಗೋಡೆಯೊಳಗೆ ಕೂರಿಸಿದ್ದಾರೆ, ಆ ಗೋಡೆ ನಿಂತಿರುವುದು ಬೀಮಿನ ಮೇಲೆ, ಆ ಬೀಮು ಇರುವುದು ಇವರ ಮಂಚದ ನೆತ್ತಿಯ ಮೇಲೆ. ಒಂದು ಏಟಿಗೆ ಇಡೀ ಕಟ್ಟಡವೇ ತಬಲಾ.

ಫೋಮ್ ಹಚ್ಚಿ ದುಡ್ಡು ತಗೊಂಡು ಬರಬಹುದಿತ್ತು. ಆದರೆ ಅದರಿಂದ ಏನೂ ಆಗುತ್ತಿರಲಿಲ್ಲ.

ಸದ್ದು ನಿಮ್ಮ ಮನೆಗೆ ಎರಡು ದಾರಿಯಲ್ಲಿ ಬರುತ್ತದೆ. ಮಾತು, ಟಿವಿ, ನಾಯಿ ಬೊಗಳುವುದು ಗಾಳಿಯಲ್ಲಿ ಬರುತ್ತವೆ. ರೊಟ್ಟಿ ಬಡಿಯುವುದು, ಶೇಂಗಾ ಹಿಂಡಿ ಕುಟ್ಟುವುದು, ಕುರ್ಚಿ ಎಳೆಯುವುದು ಕಟ್ಟಡದ ಮೈಯಲ್ಲೇ ಹರಿದು ಬರುತ್ತವೆ. ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ತಮ್ಮದು ಯಾವುದು ಅಂತಲೇ ಗೊತ್ತಿರುವುದಿಲ್ಲ. ಸುಮ್ನೆ ಒಂದು ಪರೀಕ್ಷೆ ಮಾಡಿ. ಸದ್ದು ಇರುವಾಗ ಕಿಟಕಿ ಬಾಗಿಲು ಹಾಕಿ, ಬಾಗಿಲಿನ ಕೆಳಗಿನ ಸಂದಿಗೆ ಹಳೆ ಕೌದಿ ತುರುಕಿ. ಸದ್ದು ಇಳಿಯಿತಾ? ಹಾಗಾದರೆ ಗಾಳಿಯದು. ಏನೂ ಇಳಿಯಲಿಲ್ಲ, ಗೋಡೆಗೆ ಕಿವಿ ಹಚ್ಚಿದರೆ ಇನ್ನೂ ಜೋರಾಯಿತು ಅಂದರೆ ಕಟ್ಟಡದ್ದು.

ಕಟ್ಟಡದ ಸದ್ದನ್ನು ಹುಟ್ಟುವ ಜಾಗದಲ್ಲೇ ಹಿಡಿಯಬೇಕು. ಒಮ್ಮೆ ಕಾಂಕ್ರೀಟಿಗೆ ಇಳಿದ ಮೇಲೆ ಅದು ಕಂಬ, ಗೋಡೆ, ನೆಲ ಎಲ್ಲಾ ಕಡೆಯಿಂದಲೂ ಬರುತ್ತದೆ, ಒಂದು ಗೋಡೆ ಮುಚ್ಚಿದರೆ ಇನ್ನೊಂದು ಹಾಡುತ್ತದೆ. ಅಂದರೆ ಮೇಲಿನವರ ಹತ್ತಿರ ಮಾತಾಡಲೇಬೇಕು. ಈ ಸಲಹೆ ಕೇಳಿದ ತಕ್ಷಣ ಗಿರಾಕಿಗಳ ಮುಖ ಸಪ್ಪಗಾಗುತ್ತದೆ, ಲಕ್ಷ ಖರ್ಚು ಮಾಡೋಕೆ ರೆಡಿ, ಮೆಟ್ಟಿಲು ಹತ್ತೋಕೆ ಅಲ್ಲ. ಕೇಶ್ವಾಪುರದ ಅಮ್ಮ ಮಾತ್ರ ಹತ್ತಿದರು. "ಅಕ್ಕಾರ, ನಿಮ್ಮ ರೊಟ್ಟಿ ದಿನಾ ಕೇಳಿಸ್ತಾವ, ತಿನ್ಲಿಕ್ಕೆ ಮಾತ್ರ ಸಿಗೂದಿಲ್ಲ ನೋಡ್ರಿ" ಅಂದರಂತೆ. ನಾನು ದನದ ಕೊಟ್ಟಿಗೆಗೆ ಹಾಸುವಂಥ ದಪ್ಪ ರಬ್ಬರ್ ಮ್ಯಾಟಿನ ತುಂಡು ಕತ್ತರಿಸಿ ರೊಟ್ಟಿ ಮಣೆಯ ಕೆಳಗೆ ಇಡಿಸಿದೆ, ಮಣೆ ಗೋಡೆಗೆ ತಾಗದಂತೆ ಎರಡು ಬೆರಳು ಈಚೆ ಎಳೆಸಿದೆ. ಸದ್ದು ಪೂರ್ತಿ ನಿಂತಿಲ್ಲ. ನಿದ್ದೆ ಕೆಡಿಸುವಷ್ಟು ಇಲ್ಲ, ಅಷ್ಟೇ.

ಈಗ ಗಾಳಿಯ ಸದ್ದು. ಇದರಲ್ಲಿ ಎರಡೇ ವಿಷಯ, ತೂಕ ಮತ್ತು ಸಂದಿ. ಗದಗ ಕಡೆಯ ಹಳೆ ಮಾಳಿಗೆ ಮನೆಯಲ್ಲಿ ಮಲಗಿದ್ದೀರಾ? ಎರಡಡಿ ಮಣ್ಣಿನ ಗೋಡೆ, ತಲೆಯ ಮೇಲೂ ಮಣ್ಣು, ಓಣಿಯಲ್ಲಿ ಏನಾದರೂ ಗೊತ್ತಾಗುವುದಿಲ್ಲ. ಅದು ತೂಕದ ಗುಣ. ಫೋಮ್, ಥರ್ಮಾಕೋಲ್, ಮೊಟ್ಟೆ ಟ್ರೇಗಳಿಗೆ ತೂಕವೇ ಇಲ್ಲ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ, ಪಕ್ಕದ ಮನೆಯ ಜಗಳವನ್ನಲ್ಲ. ಮೇಲಾಗಿ ಬೆಂಕಿ ತಗುಲಿದರೆ ಅದರ ಹೊಗೆ ವಿಷ.

ಆದರೆ ತೂಕಕ್ಕೂ ಮಿತಿ ಇದೆ. ಗೋಡೆಯ ತೂಕ ಎರಡು ಪಟ್ಟು ಮಾಡಿದರೆ ಸದ್ದು ಇಳಿಯುವುದು 5-6 ಡೆಸಿಬೆಲ್ (ಸದ್ದು ಅಳೆಯುವ ಮಾನ) ಅಷ್ಟೇ. ಕಿವಿಗೆ ಸದ್ದು ಅರ್ಧ ಆದಂತೆ ಅನಿಸಬೇಕಾದರೆ ಸುಮಾರು 10 ಇಳಿಯಬೇಕು. ಹಾಗಾಗಿ ಮೊದಲು ಸಂದಿ ನೋಡಿ. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಬಿಟ್ಟಿದ್ದರೆ ಅದು ಬಾಗಿಲಿನ ಸುಮಾರು ಶೇಕಡಾ 1 ಜಾಗ. ಅಷ್ಟು ಸಾಕು, ಬಾಗಿಲು ಸಾಗವಾನಿದ್ದೇ ಇರಲಿ, 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯೋಕೆ ಆಗುವುದಿಲ್ಲ. ಸ್ಲೈಡಿಂಗ್ ಕಿಟಕಿಯ ಬ್ರಷ್ ಪಟ್ಟಿ ಸವೆದಿರುತ್ತದೆ. ಎಸಿ ಪೈಪಿನ ತೂತು ಹಾಗೇ ಇರುತ್ತದೆ. ಎರಡು ಮನೆಯ ನಡುವಿನ ಗೋಡೆಯಲ್ಲಿ ಸ್ವಿಚ್ ಬಾಕ್ಸುಗಳು ಬೆನ್ನಿಗೆ ಬೆನ್ನು ಕೂತಿದ್ದರೆ ಅಲ್ಲಿ ಗೋಡೆಯೇ ಇಲ್ಲ ಅಂತ ತಿಳಿಯಿರಿ. ಹಳೆ ಹೆಂಚಿನ ಮನೆಗಳ ಸಾಲಿನಲ್ಲಿ, ಧಾರವಾಡದ ಮಾಳಮಡ್ಡಿಯಲ್ಲಿ ನಾನೇ ನೋಡಿದ್ದು, ನಡುಗೋಡೆ ಹೆಂಚಿನವರೆಗೆ ಹೋಗಿರಲೇ ಇಲ್ಲ. ಅಟ್ಟದ ಮೇಲೆ ಎರಡೂ ಮನೆಗೆ ಒಂದೇ ಗಾಳಿ.

ಇಷ್ಟೆಲ್ಲಾ ಮುಚ್ಚಿದ ಮೇಲೂ ಮಾತು ಕೇಳಿಸಿದರೆ ಆಗ ಗೋಡೆಗೆ ಕೈ ಹಾಕಿ. ಹಳೆ ಗೋಡೆಗೆ ತಾಗದಂತೆ ಒಂದಿಂಚು ಬಿಟ್ಟು ಫ್ರೇಮ್ ನಿಲ್ಲಿಸಿ, ನಡುವೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ, ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಎರಡು ಪದರ, ಅಂಚಿಗೆಲ್ಲಾ ಸಂದಿ ಮುಚ್ಚುವ ಸೀಲಂಟ್. ಕೋಣೆಯಲ್ಲಿ ಹೆಚ್ಚುಕಮ್ಮಿ ನಾಲ್ಕಿಂಚು ಹೋಗುತ್ತದೆ. ಖರ್ಚು ಉಳಿಸೋಕೆ ಅಂತ ಕಾರ್ಪೆಂಟರ್ ಫ್ರೇಮಿನ ಪಟ್ಟಿಯನ್ನು ಹಳೆ ಗೋಡೆಗೇ ಹೊಡೆದರೆ ಅರ್ಧ ಲಾಭ ಅಲ್ಲೇ ಹೋಯಿತು, ಎದುರಿಗೆ ನಿಂತು ಕೆಲಸ ಮಾಡಿಸಿ.

ಗಣೇಶನ ಹಬ್ಬದ ಡಿಜೆಗೆ ಏನು ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಆ ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ. ಆ ಗುಂಯ್ ಅನ್ನುವ ಬೇಸ್‌ನ ಒಂದೊಂದು ಅಲೆ ಐದಾರು ಮೀಟರ್ ಉದ್ದ ಇರುತ್ತದೆ, ಮೇಲೆ ಹೇಳಿದ ಬೋರ್ಡಿಗೆಲ್ಲಾ ಅದು ಬಗ್ಗುವುದಿಲ್ಲ. ಅದಕ್ಕೆ ಇರುವುದು 2000ದ ಶಬ್ದ ಮಾಲಿನ್ಯ ನಿಯಮ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಮೀರಿದರೆ 112ಕ್ಕೆ ಫೋನ್ ಮಾಡಬಹುದು. ರೊಟ್ಟಿಗೆ ಮಾತ್ರ ದಯವಿಟ್ಟು 112 ಒತ್ತಬೇಡಿ, ಮೆಟ್ಟಿಲು ಹತ್ತಿ.