ಬೇಟ್ ಹೈವ್: ಜೇನಿನ ಹಿಂಡು ತಾನಾಗಿ ಬಂದು ಸೇರುವ ಖಾಲಿ ಪೆಟ್ಟಿಗೆ

ಪಾಲಾಗಿ ಹೊರಟ ಜೇನಿನ ಹಿಂಡು ತಾನೇ ಮೆಚ್ಚಿ ಬಂದು ನೆಲೆಸಲಿ ಎಂಬ ಉದ್ದೇಶದಿಂದ ಸಿದ್ಧಪಡಿಸಿ, ತಕ್ಕ ಜಾಗದಲ್ಲಿ ಮುಂಚಿತವಾಗಿ ಇಟ್ಟಿರುವ ಖಾಲಿ ಪೆಟ್ಟಿಗೆ, ಮಡಕೆ ಅಥವಾ ಟೊಳ್ಳು ದಿಮ್ಮಿಯನ್ನು ಜೇನು ಸಾಕಣೆಯ ಪರಿಭಾಷೆಯಲ್ಲಿ ಬೇಟ್ ಹೈವ್ ಎನ್ನುತ್ತಾರೆ. ನಮ್ಮ ಮಲೆನಾಡು ಮತ್ತು ಕರಾವಳಿಯ ಜೇನು ಸಾಕುವವರಿಗೆ ಈ ಕೆಲಸ ಹೊಸದಲ್ಲ. ಒಳಗೆ ಮೇಣ ಸವರಿದ ಮಡಕೆಯನ್ನು ಸೂರಿನಡಿ ಅಥವಾ ಮರದ ಕವಲಿಗೆ ಕಟ್ಟಿ, ತುಡುವೆ ಜೇನು ಬಂದು ಕೂರುವುದನ್ನು ಕಾಯುವ ಪದ್ಧತಿ ಚೌಕಟ್ಟಿನ ಪೆಟ್ಟಿಗೆಗಳು ಬರುವ ಮೊದಲಿನಿಂದಲೂ ಇದೆ.

ಬೇಟ್ ಎಂದರೆ ಗಾಳದ ಆಹಾರ ಎಂಬ ಅರ್ಥ ಮನಸ್ಸಿಗೆ ಬರುವುದರಿಂದ ಇದನ್ನು ಬೋನು ಅಥವಾ ಬಲೆಯ ಜಾತಿಗೆ ಸೇರಿಸುವವರು ಹೆಚ್ಚು. ಆದರೆ ಇಲ್ಲಿ ಮುಚ್ಚಿಕೊಳ್ಳುವ ಬಾಗಿಲಿಲ್ಲ. ತುಪ್ಪವನ್ನೋ ಸಕ್ಕರೆ ಪಾಕವನ್ನೋ ಇಡುವುದಿಲ್ಲ, ಇಡಲೂ ಬಾರದು. ಇಟ್ಟರೆ ಬರುವುದು ಇರುವೆಗಳು ಮತ್ತು ಬೇರೆ ಗೂಡುಗಳಿಂದ ಕದಿಯಲು ಬಂದ ಹುಳುಗಳೇ ಹೊರತು ಮನೆ ಹುಡುಕುವ ಹಿಂಡಲ್ಲ. ಆ ಪೆಟ್ಟಿಗೆಯೊಳಗಿನ ಕತ್ತಲ ಜಾಗವೇ ಇಲ್ಲಿನ ಆಕರ್ಷಣೆ. ನೆಮ್ಮದಿಯಾಗಿ ನೆಲೆಸಿರುವ ಕುಟುಂಬವನ್ನು ಅದರ ಗೂಡಿನಿಂದ ಎಬ್ಬಿಸಿ ತರುವ ಶಕ್ತಿ ಯಾವ ಖಾಲಿ ಪೆಟ್ಟಿಗೆಗೂ ಇಲ್ಲವಾದ್ದರಿಂದ, ಪಕ್ಕದ ತೋಟದವರ ಜೇನನ್ನು ಇದು ಸೆಳೆದುಬಿಡುತ್ತದೆ ಎಂಬ ಆತಂಕಕ್ಕೂ ಆಧಾರವಿಲ್ಲ. ಮನೆ ಬಿಟ್ಟು ಹೊರಟಾಗಿದೆ, ಹೊಸ ಮನೆ ಇನ್ನೂ ಸಿಕ್ಕಿಲ್ಲ ಎಂಬ ಸ್ಥಿತಿಯಲ್ಲಿರುವ, ಅಥವಾ ಹೊರಡುವ ಸಿದ್ಧತೆಯಲ್ಲಿರುವ ಹಿಂಡಿಗೆ ಮಾತ್ರ ಇದರಿಂದ ಪ್ರಯೋಜನ. ಆಯ್ಕೆ ಪೂರ್ತಿ ಜೇನಿನದು. ಆ ಆಯ್ಕೆಯ ಅಳತೆಗೋಲುಗಳನ್ನು ತಿಳಿದುಕೊಂಡು ಅದಕ್ಕೆ ತಕ್ಕ ಮನೆ ಒದಗಿಸುವುದಷ್ಟೇ ಸಾಕುವವರ ಪಾಲಿನ ಕೆಲಸ.

ಹಿಂಡು ಹೊರಡುವುದಕ್ಕೆ ಎರಡು ಕಾರಣಗಳಿವೆ, ಎರಡರ ವ್ಯತ್ಯಾಸವನ್ನು ಅರಿತಿರಬೇಕು. ಆಹಾರ ಸಮೃದ್ಧವಾಗಿ ಕುಟುಂಬ ಬೆಳೆದು ಗೂಡು ಇಕ್ಕಟ್ಟಾದಾಗ ಕೆಲಸಗಾರ ಹುಳುಗಳು ರಾಣಿ ಕೋಶಗಳನ್ನು ಕಟ್ಟಿ ಹೊಸ ರಾಣಿಯನ್ನು ಬೆಳೆಸತೊಡಗುತ್ತವೆ. ಆ ಕೋಶಗಳ ಬಾಯಿ ಮುಚ್ಚುವ ಹೊತ್ತಿಗೆ ಹಳೆಯ ರಾಣಿ ಅರ್ಧಕ್ಕಿಂತ ಹೆಚ್ಚು ಹುಳುಗಳೊಂದಿಗೆ ಹೊರಬೀಳುತ್ತದೆ. ಇದು ಪಾಲಾಗುವುದು. ಮೇವಿನ ಕೊರತೆ, ಇರುವೆ ಮತ್ತು ಮೇಣದ ಹುಳುವಿನ (ಗೂಡಿನ ಮೇಣವನ್ನು ತಿನ್ನುವ ಪತಂಗದ ಮರಿ) ಕಾಟ, ವಿಪರೀತ ಬಿಸಿಲು ಅಥವಾ ಪದೇ ಪದೇ ಪೆಟ್ಟಿಗೆ ಬಿಚ್ಚುವ ತೊಂದರೆ ತಾಳಲಾರದೆ ಇಡೀ ಕುಟುಂಬ ಗೂಡನ್ನೇ ತೊರೆದು ಹೋಗುವುದು ಪರಾರಿ. ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ ಪರಾರಿ ಅಪರೂಪ; ನಮ್ಮ ತುಡುವೆಯಲ್ಲಿ ಅದು ಸಾಮಾನ್ಯ ಸ್ವಭಾವ. ಹೀಗಾಗಿ ನಮ್ಮಲ್ಲಿ ಕಟ್ಟಿದ ಮಡಕೆಗೆ ಪಾಲಾದ ಹಿಂಡೂ ಬರಬಹುದು, ಎಲ್ಲಿಂದಲೋ ಪರಾರಿಯಾದ ಕುಟುಂಬವೂ ಬರಬಹುದು. ಮಳೆಗಾಲ ಕಳೆದು ಕಾಡು ಹೂಬಿಡತೊಡಗಿ ಕುಟುಂಬಗಳು ತುಂಬಿಕೊಳ್ಳುವ ತಿಂಗಳುಗಳು ಮಲೆನಾಡಿನಲ್ಲಿ ಪಾಲಾಗುವ ಕಾಲ. ಪೆಟ್ಟಿಗೆ ಅದಕ್ಕೆ ಕೆಲವು ವಾರ ಮೊದಲೇ ತನ್ನ ಜಾಗದಲ್ಲಿ ಇರಬೇಕು.

ಹೊರಟ ಹಿಂಡು ನೇರವಾಗಿ ಹೊಸ ಮನೆಗೆ ಹೋಗುವುದಿಲ್ಲ. ಹತ್ತಿರದ ಕೊಂಬೆಯಲ್ಲಿ ಗೊಂಚಲಾಗಿ ತೂಗಿಕೊಂಡು ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಅಲ್ಲೇ ಉಳಿಯುತ್ತದೆ, ಅಷ್ಟರಲ್ಲಿ ಅನುಭವಿ ಹುಳುಗಳು ಮನೆ ಹುಡುಕಲು ಹೊರಡುತ್ತವೆ. ಮೆಲ್ಲಿಫೆರಾದ ಸುಮಾರು ಹತ್ತು ಸಾವಿರ ಹುಳುಗಳ ಹಿಂಡಿನಲ್ಲಿ ಇಂಥ ಶೋಧಕ ಹುಳುಗಳು ಕೆಲವು ನೂರು ಮಾತ್ರ. 1949ರಲ್ಲಿ ಮ್ಯೂನಿಕ್ ನಗರದಲ್ಲಿ ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿ, ತೂಗಿಕೊಂಡ ಹಿಂಡಿನ ಮೇಲೆ ಕುಣಿಯುತ್ತಿದ್ದ ಹುಳುಗಳ ಮೈಯಲ್ಲಿ ಪರಾಗದ ಬದಲು ಮಸಿ ಮತ್ತು ಇಟ್ಟಿಗೆಯ ಧೂಳು ಮೆತ್ತಿರುವುದನ್ನು ಗಮನಿಸಿದರು. ಯುದ್ಧದಲ್ಲಿ ಕುಸಿದ ಕಟ್ಟಡಗಳ ಹೊಗೆಕೊಳವೆಗಳನ್ನೂ ಗೋಡೆಯ ಬಿರುಕುಗಳನ್ನೂ ನೋಡಿಬಂದು, ಆ ಜಾಗದ ದಿಕ್ಕು ಮತ್ತು ದೂರವನ್ನು ಅವು ಕುಣಿತದ ಮೂಲಕ ಸಂಗಾತಿಗಳಿಗೆ ತಿಳಿಸುತ್ತಿದ್ದವು. ಹೂವಿನ ಜಾಗ ಹೇಳಲು ಜೇನು ಬಳಸುವ ಕುಣಿತವೆಂದು ಅವರ ಗುರು ಕಾರ್ಲ್ ಫಾನ್ ಫ್ರಿಶ್ ತೋರಿಸಿಕೊಟ್ಟಿದ್ದ ಅದೇ ಭಾಷೆಯಲ್ಲಿ ಮನೆಯ ಚರ್ಚೆಯೂ ನಡೆಯುತ್ತದೆ ಎಂಬುದು ಹೀಗೆ ತಿಳಿದುಬಂತು.

ಆ ಚರ್ಚೆಯಲ್ಲಿ ಮನೆಯ ಯಾವ ಗುಣಗಳು ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಮತ್ತು ರೋಜರ್ ಮೋರ್ಸ್ 1970ರ ದಶಕದಲ್ಲಿ ಶೋಧಿಸಿದರು. ಮೊದಲು ಕಾಡಿನಲ್ಲಿ ಮೆಲ್ಲಿಫೆರಾ ವಾಸವಾಗಿದ್ದ ಮರಗಳನ್ನು ಸೀಳಿ ಪೊಟರೆಗಳನ್ನು ಅಳೆದರು. ಅನಂತರ ಒಂದೇ ಒಂದು ಗುಣದಲ್ಲಿ ಬೇರೆಯಾದ ಪೆಟ್ಟಿಗೆಗಳನ್ನು ಜೋಡಿ ಜೋಡಿಯಾಗಿ ಇಟ್ಟು, ಕಾಡು ಹಿಂಡುಗಳು ಯಾವುದನ್ನು ಆರಿಸುತ್ತವೆ ಎಂದು ನೋಡಿದರು. ಸುಮಾರು 40 ಲೀಟರ್ ಒಳಜಾಗವಿರುವ ಪೆಟ್ಟಿಗೆಯನ್ನು ಅವು 10 ಲೀಟರಿನದಕ್ಕೂ 100 ಲೀಟರಿನದಕ್ಕೂ ಮೇಲಾಗಿ ಕಂಡವು. 75 ಚದರ ಸೆಂಟಿಮೀಟರಿನ ಬಾಗಿಲಿಗಿಂತ 12.5 ಚದರ ಸೆಂಟಿಮೀಟರಿನ ಕಿರುಬಾಗಿಲು, ಒಂದು ಮೀಟರ್ ಎತ್ತರಕ್ಕಿಂತ ಐದು ಮೀಟರ್ ಎತ್ತರ, ಮೇಲಿನ ಬಾಗಿಲಿಗಿಂತ ತಳದ ಬಾಗಿಲು, ಉತ್ತರಕ್ಕಿಂತ ದಕ್ಷಿಣಕ್ಕೆ ಮುಖಮಾಡಿದ ಬಾಗಿಲು ಅವಕ್ಕೆ ಒಪ್ಪಿಗೆಯಾದವು. ಮೊದಲೇ ಎರಿ (ಜೇನು ಮೇಣದಿಂದ ಕಟ್ಟುವ ಕೋಶಗಳ ಹಲಗೆ) ಇದ್ದ ಪೆಟ್ಟಿಗೆಯೂ ಬರಿದಾದುದಕ್ಕಿಂತ ಹೆಚ್ಚು ಮೆಚ್ಚುಗೆ ಪಡೆಯಿತು. ಇಂದು ತಂಪು ನಾಡುಗಳ ಕೈಪಿಡಿಗಳಲ್ಲಿ ಬೇಟ್ ಹೈವ್‌ನ ಅಳತೆ ಎಂದು ಬರೆದಿರುವುದೆಲ್ಲ ಬಹುಪಾಲು ಈ ಪ್ರಯೋಗಗಳ ಫಲ. ಹತ್ತು ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ಒಂದು ಅಂತಸ್ತಿನ ಒಳಜಾಗವೂ ಸರಿಸುಮಾರು 40 ಲೀಟರ್ ಇರುವುದರಿಂದ ಅಲ್ಲಿನವರಿಗೆ ಬೇರೆ ಪೆಟ್ಟಿಗೆ ಮಾಡಿಸುವ ಅಗತ್ಯವೂ ಬರುವುದಿಲ್ಲ.

ಕತ್ತಲೆಯ ಪೊಟರೆಯ ಗಾತ್ರವನ್ನು ಒಂದು ಪುಟ್ಟ ಹುಳು ಅಳೆಯುವ ಬಗೆ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಬೆರಗಿನದು. ಹುಳು ಮೊದಲ ಭೇಟಿಯಲ್ಲಿ ಅರ್ಧ ಗಂಟೆಗೂ ಮೀರಿ ಒಳಗೂ ಹೊರಗೂ ಓಡಾಡುತ್ತದೆ; ಒಳಗೋಡೆಗಳ ಮೇಲೆ ಅದು ನಡೆದ ದೂರವೇ ಒಟ್ಟು 50 ಮೀಟರಿಗೂ ಹೆಚ್ಚಾಗುತ್ತದೆ. ಮರಗಳೇ ವಿರಳವಾಗಿರುವ, ಮೇನ್ ರಾಜ್ಯದ ಕರಾವಳಿಯಾಚೆಯ ಆಪಲ್‌ಡೋರ್ ದ್ವೀಪದಲ್ಲಿ ಸೀಲಿ ಅವರು ಗೋಡೆ ತಿರುಗುವಂಥ ಉರುಳೆಯಾಕಾರದ ಪೆಟ್ಟಿಗೆಯೊಂದನ್ನು ಇಟ್ಟು, ಹುಳು ನಡೆಯುತ್ತಿರುವಾಗ ಗೋಡೆಯನ್ನು ನಿಧಾನವಾಗಿ ತಿರುಗಿಸಿದರು. ಸುತ್ತುಬರಲು ಹೆಚ್ಚು ನಡೆಯಬೇಕಾದ ಹುಳುಗಳು ಅದೇ ಪೆಟ್ಟಿಗೆಯನ್ನು ದೊಡ್ಡದೆಂದು ಎಣಿಸಿ ಹೆಚ್ಚು ಸಂಗಾತಿಗಳನ್ನು ಕರೆತಂದವು, ಕಡಿಮೆ ನಡೆದವು ಚಿಕ್ಕದೆಂದು ಎಣಿಸಿದವು. ನಡಿಗೆಯೇ ಅವುಗಳ ಅಳತೆ. ಹೀಗೆ ಮೆಚ್ಚಿದ ಹುಳು ಹಿಂಡಿಗೆ ಮರಳಿ ಹೆಚ್ಚು ಸುತ್ತು ಕುಣಿಯುತ್ತದೆ, ಅದನ್ನು ಕಂಡ ಇತರ ಶೋಧಕಗಳು ಅದೇ ಜಾಗವನ್ನು ತಾವೇ ಹೋಗಿ ನೋಡುತ್ತವೆ. ಒಂದು ಜಾಗದಲ್ಲಿ ಏಕಕಾಲಕ್ಕೆ ಇಪ್ಪತ್ತು ಮೂವತ್ತು ಶೋಧಕಗಳು ಸೇರಿದರೆ ತೀರ್ಮಾನವಾದಂತೆ. ಆಗ ಅವು ಮರಳಿ ಬಂದು ಹಿಂಡನ್ನು ಎಬ್ಬಿಸುತ್ತವೆ, ಎಲ್ಲ ಹುಳುಗಳೂ ಹಾರಾಟದ ಸ್ನಾಯುಗಳನ್ನು ಬಿಸಿ ಮಾಡಿಕೊಂಡು ಒಮ್ಮೆಗೇ ಮೇಲೇಳುತ್ತವೆ. ಖಾಲಿ ಪೆಟ್ಟಿಗೆಯ ಬಾಗಿಲಲ್ಲಿ ಒಂದೆರಡು ಹುಳು ಸುಳಿದರೆ ಅದು ವಿಚಾರಣೆ ಮಾತ್ರ. ಒಂದು ಮಧ್ಯಾಹ್ನ ಹತ್ತಾರು ಹುಳುಗಳು ಬಾಗಿಲ ಸುತ್ತ ಗುಂಯ್‌ಗುಡುತ್ತ ಒಳಹೊರಗೆ ಆಡತೊಡಗಿದರೆ ಹಿಂಡು ಬರುವ ಸಾಧ್ಯತೆ ಬಲವಾಗಿದೆ ಎಂದರ್ಥ. ಆ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಮುಟ್ಟದಿರುವುದೇ ಒಳ್ಳೆಯದು.

ಈ ಅಂಕಿಗಳನ್ನು ತುಡುವೆಗೆ ಹಾಗೆಯೇ ಅನ್ವಯಿಸುವಂತಿಲ್ಲ. ತುಡುವೆಯ ಕುಟುಂಬ ಚಿಕ್ಕದು, ಅದಕ್ಕೆ ಬೇಕಾದ ಜಾಗವೂ ಕಡಿಮೆ. ಸಾಮಾನ್ಯ ಗಾತ್ರದ ಒಂದು ಮಡಕೆ ಅಥವಾ ತುಡುವೆಗೆಂದೇ ಬಳಸುವ ನ್ಯೂಟನ್ ಮಾದರಿಯ ಪೆಟ್ಟಿಗೆಯ ಸಂಸಾರ ಕೋಣೆ (ಮರಿಗಳು ಬೆಳೆಯುವ ಭಾಗ) ಅದಕ್ಕೆ ಸಾಲುತ್ತದೆ. ನೆಲಮಟ್ಟದ ಹುತ್ತದಲ್ಲೂ ಕಲ್ಲುಕಟ್ಟೆಯ ಸಂದಿಯಲ್ಲೂ ಅದು ಸಂಸಾರ ಹೂಡುವುದರಿಂದ ಎತ್ತರಕ್ಕಾಗಿ ಏಣಿ ಹತ್ತುವ ಅಗತ್ಯವಿಲ್ಲ, ಕೈಗೆಟಕುವ ಎತ್ತರದಲ್ಲಿಟ್ಟರೂ ಬರುತ್ತದೆ. ನಮ್ಮ ಬಿಸಿಲಿಗೆ ದಿಕ್ಕಿಗಿಂತ ನೆರಳು ಮುಖ್ಯ. ಬೆಳಗಿನ ಎಳೆಬಿಸಿಲು ತಾಗಿ ಮಧ್ಯಾಹ್ನದ ಬಿಸಿಲು ತಪ್ಪುವ ಅಡಿಕೆ ತೋಟದ ಅಂಚು ಇದಕ್ಕೆ ಹೇಳಿ ಮಾಡಿಸಿದ ಜಾಗ. ಎರಿಯ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಮರಿಗಳು ಬೆಳೆದು ಕಪ್ಪಾದ ಹಳೆಯ ಎರಿಯನ್ನು ಮೆಲ್ಲಿಫೆರಾ ಸಂತೋಷದಿಂದ ಒಪ್ಪಿಕೊಂಡರೆ, ತುಡುವೆ ಹಳೆಯ ಎರಿಯನ್ನು ಕಡಿದುಹಾಕಿ ಹೊಸದನ್ನೇ ಕಟ್ಟಲು ಬಯಸುವ ಜಾತಿ. ಅಲ್ಲದೆ ಕಾಯುವ ಹುಳುಗಳಿಲ್ಲದ ಹಳೆಯ ಎರಿ ನಮ್ಮ ಹವೆಯಲ್ಲಿ ಮೇಣದ ಹುಳುವಿನ ತವರಾಗಿಬಿಡುತ್ತದೆ. ತುಡುವೆಯ ಮಡಕೆಗೆ ಎರಿಯ ಬದಲು ಕಾಯಿಸಿದ ಮೇಣವನ್ನು ಒಳಗೋಡೆಗೆ ಮತ್ತು ಬಾಗಿಲ ಸುತ್ತ ಸವರುವ ರೂಢಿಯ ಹಿಂದಿರುವ ತಿಳಿವಳಿಕೆ ಇದೇ ಎಂದು ನಾನು ಭಾವಿಸುತ್ತೇನೆ.

ವಾಸನೆಯ ಪಾತ್ರವೂ ಸಣ್ಣದಲ್ಲ. ಕೆಲಸಗಾರ ಹುಳುವಿನ ಹೊಟ್ಟೆಯ ತುದಿಯ ಬೆನ್ನಭಾಗದಲ್ಲಿ ನಾಸೊನೊವ್ ಗ್ರಂಥಿ ಎಂಬುದೊಂದಿದೆ. ದಾರಿ ತಪ್ಪಿದ ಸಂಗಾತಿಗಳನ್ನು ಬಾಗಿಲಿಗೆ ಕರೆಯಲು ಹುಳುಗಳು ಬಾಲವೆತ್ತಿ ರೆಕ್ಕೆ ಬೀಸುತ್ತ ಅದರ ವಾಸನೆಯನ್ನು ಹರಡುತ್ತವೆ. ಅದರಲ್ಲಿರುವ ಸಿಟ್ರಾಲ್ ಎಂಬ ಅಂಶ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲೂ ಹೇರಳವಾಗಿರುವುದರಿಂದ ಆ ಎಣ್ಣೆಯ ಒಂದೆರಡು ಹನಿಯನ್ನು ಪೆಟ್ಟಿಗೆಯೊಳಗೆ ಹಾಕುವವರು ಜಗತ್ತಿನೆಲ್ಲೆಡೆ ಇದ್ದಾರೆ. ವಾಸನೆ ಶೋಧಕವನ್ನು ಬೇಗ ಬಾಗಿಲಿಗೆ ತರಬಲ್ಲದು. ಒಳಗಿನ ಜಾಗ ಒಪ್ಪದಿದ್ದರೆ ಉಳಿಸಿಕೊಳ್ಳಲಾರದು. ಜಪಾನಿನಲ್ಲಿ ನಮ್ಮ ತುಡುವೆಯ ದಾಯಾದಿಯೇ ಆದ ಜೇನಿಗಾಗಿ ಖಾಲಿ ಪೆಟ್ಟಿಗೆಯ ಪಕ್ಕದಲ್ಲಿ ಸಿಂಬಿಡಿಯಮ್ ಫ್ಲೋರಿಬಂಡಮ್ ಎಂಬ ಆರ್ಕಿಡ್ ಗಿಡದ ಕುಂಡವನ್ನು ಇಡುತ್ತಾರೆ. ಆ ಹೂವು ಹಿಂಡುಗಳನ್ನೇ ತನ್ನತ್ತ ಸೆಳೆಯುತ್ತದೆ. ಜೇನಿನ ದವಡೆ ಗ್ರಂಥಿಗಳಲ್ಲಿರುವಂಥ ಎರಡು ಆಮ್ಲಗಳ ಮಿಶ್ರಣ ಹೂವಿನಲ್ಲಿರುವುದೇ ಇದಕ್ಕೆ ಕಾರಣವೆಂದು ಜಪಾನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಮೆಲ್ಲಿಫೆರಾಕ್ಕೆ ಆ ಹೂವಿನ ಸೆಳೆತವಿಲ್ಲ.

ಹಿಂಡು ಹಿಡಿಯುವುದಷ್ಟೇ ಈ ಪೆಟ್ಟಿಗೆಯ ಬಳಕೆಯಲ್ಲ. ಆಫ್ರಿಕಾದ ಜೇನಿನ ಸಂತತಿ ದಕ್ಷಿಣ ಅಮೆರಿಕದಿಂದ ಉತ್ತರಕ್ಕೆ ಹರಡುತ್ತಿದ್ದಾಗ ಅದರ ಆಗಮನವನ್ನು ಗುರುತಿಸಲು ಅಮೆರಿಕ ಸಂಯುಕ್ತ ಸಂಸ್ಥಾನವು ಗಡಿಯುದ್ದಕ್ಕೂ ಇಂಥ ಗೂಡುಗಳನ್ನು ತೂಗುಹಾಕಿತ್ತು; 1990ರ ಅಕ್ಟೋಬರಿನಲ್ಲಿ ಟೆಕ್ಸಸ್ಸಿನ ಹಿಡಾಲ್ಗೊ ಬಳಿ ಆ ದೇಶದ ಮೊದಲ ಅಂಥ ಹಿಂಡು ಪತ್ತೆಯಾದದ್ದು ಇವುಗಳಲ್ಲೊಂದರಲ್ಲೇ. ಪೂರ್ವ ಆಫ್ರಿಕಾದಲ್ಲಂತೂ ಮರಕ್ಕೆ ಟೊಳ್ಳು ದಿಮ್ಮಿ ಕಟ್ಟಿ ಹಿಂಡು ಬರುವವರೆಗೆ ಕಾಯುವುದೇ ಜೇನು ಸಾಕಣೆಯ ಮೊದಲ ಹೆಜ್ಜೆ. ಬಯಲಿನಲ್ಲಿ ಒಂದೇ ಎರಿ ಕಟ್ಟುವ ಹೆಜ್ಜೇನು ಮತ್ತು ಕೋಲುಜೇನುಗಳು ಮಾತ್ರ ಈ ಪರಿಕಲ್ಪನೆಯ ಹೊರಗೇ ಉಳಿಯುತ್ತವೆ. ಕತ್ತಲ ಪೊಟರೆಯನ್ನು ಬಯಸದ ಅವು ಎಷ್ಟು ಅಚ್ಚುಕಟ್ಟಾದ ಪೆಟ್ಟಿಗೆಗೂ ಬರಲಾರವು.

ಕರ್ನಾಟಕದಲ್ಲಿ ಈ ಪದ್ಧತಿಗೆ ಇರುವ ಬೆಲೆಯನ್ನು 1990ರ ದಶಕದ ಆರಂಭದ ಅನುಭವವೇ ಹೇಳುತ್ತದೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ಬಹುಪಾಲು ತುಡುವೆ ಕುಟುಂಬಗಳನ್ನು ಅಳಿಸಿಹಾಕಿ ಕೊಡಗು ಮತ್ತು ಕರಾವಳಿಯ ಪೆಟ್ಟಿಗೆಗಳು ಖಾಲಿಯಾದಾಗ, ರೋಗವನ್ನು ದಾಟಿ ಬದುಕಿದ ಕುಟುಂಬಗಳ ಸಂತತಿಯಿಂದಲೇ ಸಾಕಣೆ ಮತ್ತೆ ಚಿಗುರಬೇಕಾಯಿತು. ಅಂಥ ಕುಟುಂಬವನ್ನು ಪಡೆಯಲು ಮರದ ಪೊಟರೆಯನ್ನು ಕಡಿದು ಅಥವಾ ಹುತ್ತವನ್ನು ಅಗೆದು ತರುವುದಕ್ಕಿಂತ, ತಾನಾಗಿ ಬಂದ ಪಾಲನ್ನು ಸ್ವೀಕರಿಸುವುದು ನಿಸ್ಸಂದೇಹವಾಗಿ ಮೇಲು: ಕಡಿದ ಪೊಟರೆ ಮತ್ತೆಂದೂ ಇನ್ನೊಂದು ಕುಟುಂಬಕ್ಕೆ ಮನೆಯಾಗದು, ತಾಯಿ ಕುಟುಂಬವನ್ನು ಬಿಟ್ಟುಬಂದ ಪಾಲಿನಿಂದ ಕಾಡಿಗೆ ನಷ್ಟವಿಲ್ಲ. ಆದರೂ ಬಂದ ಹಿಂಡು ರೋಗವನ್ನು ಹೊತ್ತು ತಂದಿರಬಹುದಾದ್ದರಿಂದ ಅದರ ಮೊದಲ ಮರಿಗಳನ್ನು ನೋಡುವವರೆಗೆ ಉಳಿದ ಪೆಟ್ಟಿಗೆಗಳಿಂದ ದೂರವಿಡಬೇಕು. ರೋಗದಿಂದ ಸತ್ತ ಕುಟುಂಬದ ಎರಿಯನ್ನಾಗಲಿ ತೊಳೆಯದ ಪೆಟ್ಟಿಗೆಯನ್ನಾಗಲಿ ಬೇಟ್ ಹೈವ್ ಆಗಿ ಎಂದಿಗೂ ಬಳಸಕೂಡದು.

ಹಿಂಡು ಒಳಸೇರಿದ ದಿನವೇ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಆತುರ ತುಡುವೆಯ ವಿಷಯದಲ್ಲಿ ದುಬಾರಿ. ಇನ್ನೂ ಎರಿ ಕಟ್ಟದ, ಮೊಟ್ಟೆ ಇಡದ ಹಿಂಡಿಗೆ ಅಲ್ಲಿ ಬಿಟ್ಟುಹೋಗಲಾಗದ್ದು ಏನೂ ಇರುವುದಿಲ್ಲ. ಕೆಲಸಗಾರ ಹುಳುಗಳು ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಒಳಹೋಗುವುದು ಕಂಡರೆ ಒಳಗೆ ಮರಿಗಳ ಪೋಷಣೆಗೆ ತೊಡಗಿವೆ ಎಂದು ತಿಳಿಯಬಹುದು. ಮುಂದಿನ ಕೆಲಸಕ್ಕೆ ಅದೇ ಸೂಚನೆ. ಬಾಗಿಲನ್ನು ಸಂಜೆ ಹುಳುಗಳೆಲ್ಲ ಮರಳಿದ ಮೇಲೆ ಮುಚ್ಚಿ ರಾತ್ರಿಯೇ ಸಾಗಿಸಬೇಕು. ಹಾರಾಟದ ವ್ಯಾಪ್ತಿಯೊಳಗೆ ಸ್ವಲ್ಪ ದೂರಕ್ಕೆ ಸರಿಸಿದರೆ ಮೇವಿಗೆ ಹೋದ ಹುಳುಗಳು ಹಳೆಯ ಜಾಗಕ್ಕೇ ಮರಳಿ ಕಂಗೆಡುತ್ತವೆ. ಮಡಕೆಯಲ್ಲಿ ಕಟ್ಟಿದ ಎರಿಗಳನ್ನು ಬುಡದಿಂದ ಬಿಡಿಸಿ, ಮೇಲಿನ ಅಂಚು ಮೇಲೆಯೇ ಇರುವಂತೆ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟುತ್ತಾರೆ. ಹುಳುಗಳು ಎರಿಯನ್ನು ಚೌಕಟ್ಟಿಗೆ ಮೇಣದಿಂದ ಬೆಸೆದ ಬಳಿಕ ಆ ನಾರನ್ನು ತಾವೇ ಕಡಿದು ಹೊರಹಾಕುತ್ತವೆ. ಕೆಲಸಗಾರ ಹುಳು ಮಾತ್ರ ತೂರಬಲ್ಲ ರಾಣಿ ಗೇಟನ್ನು ಮೊದಲ ಕೆಲವು ದಿನ ಬಾಗಿಲಿಗೆ ಹಾಕುವುದುಂಟು. ಆದರೆ ಬಂದದ್ದು ಎರಡನೆಯ ಅಥವಾ ಮೂರನೆಯ ಪಾಲಾಗಿದ್ದು, ಅದರ ರಾಣಿ ಇನ್ನೂ ಗಂಡುಜೇನುಗಳನ್ನು ಕೂಡಿರದ ಹೊಸ ರಾಣಿಯಾಗಿದ್ದರೆ, ಅದು ಹೊರಗೆ ಹಾರಿ ಬರಲೇಬೇಕು. ಎರಿಯಲ್ಲಿ ಮೊಟ್ಟೆ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಗೇಟು ಹಾಕತಕ್ಕದ್ದು.