ಗಣಪತಿ ವಿಸರ್ಜನೆ, ಈದ್ ಮಿಲಾದ್ ಒಟ್ಟಿಗೆ ಬರುವುದೇಕೆ?

2023ರಲ್ಲಿ ದೊಡ್ಡ ಗಣಪತಿಗಳನ್ನು ವಿಸರ್ಜಿಸುವ ಅನಂತ ಚತುರ್ದಶಿ ಮತ್ತು ಪ್ರವಾದಿ ಮಹಮ್ಮದರ ಜನ್ಮದಿನವಾದ ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ರಂದೇ ಬಿದ್ದವು. ಶಿವಮೊಗ್ಗದ ದೊಡ್ಡ ಗಣಪತಿ ಅಂದು ತುಂಗೆಯತ್ತ ಹೊರಟಿತು. ಮಿಲಾದ್ ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಲಾಯಿತು. ಆ ದಿನ ಒಂದು ಬಡಾವಣೆಯಲ್ಲಿ ಕಲ್ಲು ತೂರಾಟ ನಡೆದು ನಿಷೇಧಾಜ್ಞೆ ಜಾರಿಯಾಯಿತು. 2024ರಲ್ಲಿ ಮಿಲಾದ್ ಸೆಪ್ಟೆಂಬರ್ 16, ಚತುರ್ದಶಿ 17. 2025ರಲ್ಲಿ 5 ಮತ್ತು 6. ಮೂರು ವರ್ಷ ಸತತ ಹೀಗಾದರೆ ಯಾರೋ ಬೇಕೆಂದೇ ದಿನ ಹೊಂದಿಸುತ್ತಿದ್ದಾರೆ ಎಂಬ ಗುಮಾನಿ ಏಳುವುದು ಸಹಜ. ಆದರೆ ಈ ದಿನಗಳು ನೂರಾರು ವರ್ಷಗಳ ಹಿಂದೆಯೇ ನಿಗದಿಯಾದವು.

ನಮ್ಮ ಚಾಂದ್ರಮಾನ ಪಂಚಾಂಗವೂ ಮುಸ್ಲಿಮರ ಹಿಜರಿ ಪಂಚಾಂಗವೂ ತಿಂಗಳನ್ನು ಎಣಿಸುವುದು ಒಂದೇ ಚಂದ್ರನಿಂದ. ನಮ್ಮಲ್ಲಿ ಅಮಾವಾಸ್ಯೆ ಕಳೆದ ಪಾಡ್ಯದಿಂದ ತಿಂಗಳು ಶುರು, ಅವರಲ್ಲಿ ಅಮಾವಾಸ್ಯೆಯ ನಂತರ ಎಳೆ ಚಂದ್ರ ಕಂಡ ಸಂಜೆಯಿಂದ. ಎಣಿಕೆಯಲ್ಲಿ ಒಂದೆರಡು ದಿನ ವ್ಯತ್ಯಾಸ ಬರುತ್ತದೆ, ಅಷ್ಟೇ. ಗಣೇಶ ಚೌತಿ ಭಾದ್ರಪದದ ನಾಲ್ಕನೇ ದಿನ, ಅನಂತ ಚತುರ್ದಶಿ ಹದಿನಾಲ್ಕನೇ ದಿನ, ಮಿಲಾದ್ ರಬೀವುಲ್ ಅವ್ವಲ್ ತಿಂಗಳ ಹನ್ನೆರಡು. ಆ ತಿಂಗಳು ಭಾದ್ರಪದದ ಜೊತೆ ಕೂಡಿಬಂದ ವರ್ಷ ಮಿಲಾದ್ ವಿಸರ್ಜನೆಯ ಆಸುಪಾಸಿನಲ್ಲೇ ಬೀಳಬೇಕು, ಬೇರೆ ದಾರಿಯೇ ಇಲ್ಲ.

ಎರಡು ಪಂಚಾಂಗಗಳು ಬೇರೆಯಾಗುವುದು ಅಧಿಕ ಮಾಸದಲ್ಲಿ. ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಾಗೇ ಬಿಟ್ಟರೆ ಯುಗಾದಿ ಮಳೆಗಾಲಕ್ಕೆ ಸರಿದುಬಿಡುತ್ತದೆ. ಅದಕ್ಕೇ ನಮ್ಮವರು ಸುಮಾರು 32-33 ತಿಂಗಳಿಗೊಮ್ಮೆ ಒಂದು ತಿಂಗಳು ಕೂಡಿಸಿ ಹಬ್ಬಗಳನ್ನು ಋತುವಿನಲ್ಲೇ ಉಳಿಸಿಕೊಂಡರು. ಇಸ್ಲಾಮಿಗೆ ಮುಂಚೆ ಅರಬರೂ ತಿಂಗಳುಗಳನ್ನು ಹಿಂದೆಮುಂದೆ ಮಾಡುತ್ತಿದ್ದರು. ಕುರಾನ್ ಅದನ್ನು ನಿಷೇಧಿಸಿತು. ಅಂದಿನಿಂದ ರಂಜಾನ್ ಎಲ್ಲ ಋತುಗಳಲ್ಲೂ ಸುತ್ತುತ್ತದೆ. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಬೇಸಿಗೆಯ ಉದ್ದನೆಯ ಹಗಲಿನಲ್ಲೂ ಚಳಿಗಾಲದ ಗಿಡ್ಡ ಹಗಲಿನಲ್ಲೂ ಉಪವಾಸ ಹಿಡಿಯುತ್ತಾನೆ. ನನಗೆ ಇದು ತುಂಬ ನ್ಯಾಯವಾದ ಏರ್ಪಾಡು ಅನ್ನಿಸುತ್ತದೆ.

ಹೀಗಾಗಿ ಎರಡೂ ಕಡೆಯ ಹಬ್ಬಗಳು ಎರಡು ಮೂರು ವರ್ಷ ಜೊತೆಯಾಗಿ ಬಂದು, ಒಂದು ಅಧಿಕ ಮಾಸ ಕಳೆಯುತ್ತಲೇ ಬೇರೆಯಾಗುತ್ತವೆ. ಗಣಪತಿ ಮತ್ತು ಮಿಲಾದ್ 1991, 1992ರಲ್ಲೂ ಹೀಗೇ ಒಟ್ಟಿಗಿದ್ದವು. 2015ರಿಂದ 2017ರವರೆಗೆ ವಿಜಯದಶಮಿ ಮತ್ತು ಮೊಹರಂ ಜೊತೆಯಾಗಿದ್ದವು. ಎರಡೂ ತಿಂಗಳ ಹತ್ತನೇ ದಿನದವು. ಮೊಹರಂ ಸಂಭ್ರಮದ ದಿನವಲ್ಲ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರು ಹತರಾದ ದುಃಖದ ನೆನಪು ಅದು.

ಇನ್ನೊಂದು ಜೋಡಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯುಗಾದಿಯ ಮರುದಿನ ಬಿದಿಗೆ ಚಂದ್ರನನ್ನು ನೋಡಬೇಕೆಂದು ನಮ್ಮ ಮನೆಗಳಲ್ಲಿ ಮಕ್ಕಳು ಮುದುಕರೆಲ್ಲ ಅಂಗಳಕ್ಕಿಳಿದು, ಅಡಿಕೆ ಮರಗಳ ಸಂದಿಯಲ್ಲಿ ಪಡುವಣಕ್ಕೆ ಕಣ್ಣು ನೆಡುತ್ತಾರೆ. ಕಂಡವರು ಕೈಮುಗಿದು ಹಿರಿಯರ ಕಾಲಿಗೆ ಬೀಳುತ್ತಾರೆ. 2024ರಲ್ಲಿ ಯುಗಾದಿ ಏಪ್ರಿಲ್ 9, ರಂಜಾನ್ ಹಬ್ಬ 11. ನಡುವಿನ ಆ ಸಂಜೆ ಮಸೀದಿಯ ಮಾಳಿಗೆಯಲ್ಲಿ ನಿಂತವರು ಉಪವಾಸ ಮುಗಿಸಿ ನೋಡಿದ್ದೂ ಅದೇ ಚಂದ್ರನನ್ನು. ಮಳೆಗಾಲದಲ್ಲಾದರೆ ಆಗುಂಬೆ, ತೀರ್ಥಹಳ್ಳಿ ಕಡೆ ಚಂದ್ರ ಕಾಣುವುದೆಲ್ಲಿ? ಬೇರೆ ಊರಲ್ಲಿ ಕಂಡ ಸುದ್ದಿ ಬರುವತನಕ ಕಾಯಬೇಕು.

ಯೇಸು ಸತ್ತು ಮರಳಿ ಎದ್ದ ದಿನವೆಂದು ಕ್ರೈಸ್ತರು ಆಚರಿಸುವ ಈಸ್ಟರ್ ಕೂಡ ಈ ಲೆಕ್ಕದ ಹೊರಗಿಲ್ಲ. ಯೇಸುವನ್ನು ಶಿಲುಬೆಗೇರಿಸಿದ್ದು ಯಹೂದ್ಯರ ಪಾಸ್ಕ ಹಬ್ಬದ ಸಮಯದಲ್ಲಿ, ಅದು ಹುಣ್ಣಿಮೆಯ ಹಬ್ಬ. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪ್‌ಗಳ ಸಭೆ ಎಲ್ಲ ಚರ್ಚುಗಳೂ ಈಸ್ಟರನ್ನು ಒಂದೇ ದಿನ ಆಚರಿಸಬೇಕೆಂದಿತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಎಂಬ ಲೆಕ್ಕ ಬರಬರುತ್ತ ನೆಲೆಯೂರಿತು. ಹಾಗಾಗಿ 2024ರಲ್ಲಿ ಹೋಳಿ ಹುಣ್ಣಿಮೆಯ ಬೆನ್ನಿಗೇ ಬಂದ ಈಸ್ಟರ್, 2025ರಲ್ಲಿ ದವನದ ಹುಣ್ಣಿಮೆ ಕಳೆದು ಏಪ್ರಿಲ್ 20ಕ್ಕೆ ಬಂತು. ಕ್ರಿಸ್‌ಮಸ್ ಮಾತ್ರ ಅಲುಗುವುದಿಲ್ಲ. ಯೇಸು ಹುಟ್ಟಿದ ದಿನ ಸುವಾರ್ತೆಗಳಲ್ಲಿಲ್ಲ. ಡಿಸೆಂಬರ್ 25ನ್ನು ಆಚರಿಸಿದ ಹಳೆಯ ದಾಖಲೆ ರೋಮಿನದು, ನಾಲ್ಕನೇ ಶತಮಾನದ್ದು.

ನಮ್ಮ ಜಿಲ್ಲೆಯ ಕೊಂಕಣಿ ಕ್ರೈಸ್ತರ ಮೊಂತಿ ಹಬ್ಬಕ್ಕೂ ಸ್ಥಿರ ದಿನವಿದೆ: ಸೆಪ್ಟೆಂಬರ್ 8, ಮರಿಯಮ್ಮನ ಜನನೋತ್ಸವ. ಒಂಬತ್ತು ದಿನ ಮಕ್ಕಳು ಹೂವು ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ, ಮನೆಯಲ್ಲಿ ಬಾಳೆಲೆ ಮೇಲೆ ಸಸ್ಯಾಹಾರದ ಊಟ. ಕರಾವಳಿಯಲ್ಲಿ ಆ ಹೊತ್ತಿಗೆ ತೆನೆ ಬಂದಿರುತ್ತದೆ. ಮಲೆನಾಡಿನ ಗದ್ದೆಯಲ್ಲಿ ನಾಟಿ ಮುಗಿದು ಪೈರು ಇನ್ನೂ ಹಸಿರು. ನಮ್ಮ ರೈತರು ಬತ್ತಕ್ಕೆ ಬಯಕೆ ಬಡಿಸುವ ಭೂಮಿ ಹುಣ್ಣಿಮೆ ಬರಬೇಕಾದರೂ ಮತ್ತೊಂದು ತಿಂಗಳು ಬೇಕು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಈ ಕ್ರೈಸ್ತರು ತಮ್ಮೂರಿನ ಪಂಚಾಂಗವನ್ನೂ ಜೊತೆಗೆ ತಂದರು. ನಮ್ಮ ಬಿದನೂರಿನಿಂದ ಆಳಿದ ಕೆಳದಿ ನಾಯಕರು 17ನೇ ಶತಮಾನದಲ್ಲೇ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಕರಾವಳಿ ಸೀಮೆಯಲ್ಲಿ ಚರ್ಚು ಕಟ್ಟಲು ಒಪ್ಪಿದ್ದರು. ಈ ಜನರ ನಂಟು ನಮಗೆ ಅಷ್ಟು ಹಳೆಯದು.

ಇಷ್ಟು ಹಳೆಯ ಹಬ್ಬಗಳ ಪಕ್ಕದಲ್ಲಿ ಮೆರವಣಿಗೆಗಳು ತೀರ ಇತ್ತೀಚಿನವು. ಪ್ರವಾದಿಯ ಜನ್ಮದಿನವನ್ನು ಈಜಿಪ್ಟಿನ ಫಾತಿಮಿದ್ ಅರಸರು, ಆಮೇಲೆ 13ನೇ ಶತಮಾನದ ಆರಂಭದಲ್ಲಿ ಇಂದಿನ ಇರಾಕಿನ ಅರ್ಬಿಲ್‌ನಲ್ಲಿ ದೊಡ್ಡದಾಗಿ ಆಚರಿಸಿದರು. ಆಚರಣೆಯೇ ಬೇಡ ಎನ್ನುವ ಮುಸ್ಲಿಂ ಪಂಥಗಳು ಇಂದಿಗೂ ಇವೆ. ಭಾರತದಲ್ಲಿ ಅದಕ್ಕೆ ರಾಷ್ಟ್ರೀಯ ರಜೆ ಸಿಕ್ಕಿದ್ದು 1990ರಲ್ಲಿ, ವಿ.ಪಿ. ಸಿಂಗ್ ಸರ್ಕಾರದ ಕಾಲಕ್ಕೆ. ಮನೆಯ ಗಣಪತಿ ಬೀದಿಯ ಗಣಪತಿಯಾಗಿ ಬೆಳೆದದ್ದು 1893ರಲ್ಲಿ ತಿಲಕರು ಪುಣೆಯಲ್ಲಿ ಹಾಕಿದ ದಾರಿಯಿಂದ. ಯಾವ ವೃತ್ತದಿಂದ ಹೊರಡಬೇಕು, ಎಷ್ಟು ಗಂಟೆಗೆ ಮುಗಿಯಬೇಕು, ಡಿಜೆ ಇರಬೇಕೇ ಬೇಡವೇ, ಕಟೌಟ್ ಎಷ್ಟೆತ್ತರ ಎಂಬುದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಜಗಳ ಹುಟ್ಟುವುದೆಲ್ಲ ಈ ಪಟ್ಟಿಯಲ್ಲೇ. ಅದನ್ನು ಬಗೆಹರಿಸುವ ಶಾಂತಿ ಸಭೆ ಕೂರುವುದು ಮಾತ್ರ ಹಬ್ಬ ಹೊಸ್ತಿಲಿಗೆ ಬಂದು, ಬ್ಯಾನರ್‌ಗಳೆಲ್ಲ ಮೇಲೇರಿದ ಮೇಲೆ. ದಿನ ಯಾವುದೆಂದು ವರ್ಷಗಟ್ಟಲೆ ಮೊದಲೇ ಗೊತ್ತಿರುವಾಗ ಬೇಸಿಗೆಯಲ್ಲೇ ಕೂತು ಮಾತಾಡಲು ಅಡ್ಡಿಯೇನು?

2026ರಲ್ಲಿ ಜ್ಯೇಷ್ಠ ಅಧಿಕ ಮಾಸ. ಹಾಗಾಗಿ ಆ ವರ್ಷ ಮಿಲಾದ್ ಆಗಸ್ಟ್ ಕೊನೆಗೆ, ಶ್ರಾವಣಕ್ಕೆ ಸರಿಯುತ್ತದೆ. ಚೌತಿ ಬರುವುದು ಸೆಪ್ಟೆಂಬರ್ 14ಕ್ಕೆ. ಇವೆರಡೂ ಮತ್ತೆ ಭಾದ್ರಪದದಲ್ಲಿ ಕೂಡುವುದು 2050ರ ದಶಕದ ನಡುವಿನಲ್ಲಿ. ಅದಕ್ಕೆ ಮೊದಲು, 2033ರ ಡಿಸೆಂಬರ್ 23ರ ಸುಮಾರಿಗೆ ರಂಜಾನ್ ಹಬ್ಬ ಬೀಳುತ್ತದೆ. ಕ್ರಿಸ್‌ಮಸ್‌ಗೆ ಆಗ ಎರಡೇ ದಿನ ಬಾಕಿ.